ಅಣ್ಣನ ಪತ್ರಿಕೆಯ ಬಿಡಿ ಹಾಳೆ

ಹೋದ ಮಂಗಳವಾರ ಆಕ್ಲೆಂಡಿನ ನಮ್ಮ ಬಡಾವಣೆ ಪಾಪಟೋಟೊಯಿಯ ಲೈಬ್ರರಿಯಲ್ಲಿ ನನ್ನ ಪೆನ್ಷನ್ ಅರ್ಜಿಯನ್ನು ಜೆರಾಕ್ಸ್ ಮಾಡಿಸಿದೆ. ಯಂತ್ರದಿಂದ ಹೊರಬಂದ ಹಾಳೆ ಬೆಚ್ಚಗಿತ್ತು. ಕೈಗೆ ತೆಗೆದುಕೊಂಡ ಕೂಡಲೇ ವಾಸನೆ ಬಂತು, ಕಾದ ಇಸ್ತ್ರಿಪೆಟ್ಟಿಗೆಯಂಥ ಸ್ವಲ್ಪ ಕಮಟು ವಾಸನೆ. ನಿಮಗೆ ಅದು ಆಫೀಸಿನ ವಾಸನೆ ಅನ್ನಿಸಬಹುದು. ನನಗೆ ಅದು ಅಣ್ಣನ ವಾಸನೆ. ಮಕ್ಕಳ ಪುಸ್ತಕದ ಕಪಾಟಿನ ಪಕ್ಕ ಒಂದು ಗಿಡ್ಡ ಕುರ್ಚಿ ಇತ್ತು, ಅದರ ಮೇಲೆ ಕುಳಿತುಬಿಟ್ಟೆ. ಲೈಬ್ರರಿಯ ಹುಡುಗಿ ಬಂದು ನೀರು ಬೇಕೇ ಎಂದು ಕೇಳಿದಳು. ಬೇಡ ಎಂದೆ. ನನಗೆ ಬೇಕಾಗಿದ್ದದ್ದು ಯಾರನ್ನಾದರೂ ಚೆನ್ನಾಗಿ ಬೈಯುವುದು.

ಸಿಟ್ಟಿಗೆ ಕಾರಣ ಆ ಬೆಳಿಗ್ಗೆ ಬಂದಿದ್ದ ಫೋನು. ಅಣ್ಣ ತೀರಿಕೊಂಡು ಒಂದು ವರ್ಷವಾಗುತ್ತಾ ಬಂತು. ಇಲ್ಲಿನ ನಮ್ಮ ಕನ್ನಡ ಸಂಘದವರು ಬರುವ ಭಾನುವಾರ ಸಭೆ ಇಟ್ಟುಕೊಂಡಿದ್ದಾರೆ, ಜೊತೆಗೆ ನೆನಪಿನ ಸಂಚಿಕೆ. ಕಾರ್ಯದರ್ಶಿ ಕಿರಣ್ ತಕಾನಿನಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡಿರುವ ಎಂಜಿನಿಯರು, ಒಳ್ಳೆಯ ಹುಡುಗ. "ಆಂಟಿ, ಒಂದ್ ಪೇಜ್ ಸಾಕು. ಏನಾದ್ರೂ ಸ್ವೀಟಾಗಿರೋದು ಬರೀರಿ. ಚಿಕ್ಕ ವಯಸ್ಸಲ್ಲಿ ಮಾವಿನಕಾಯಿ ಕದ್ದಿದ್ದು, ಆ ಥರ" ಎಂದ. ನಮ್ಮಣ್ಣ ಜನ್ಮದಲ್ಲಿ ಮಾವಿನಕಾಯಿ ಕದ್ದವನಲ್ಲ. ಮರ ಹತ್ತಲು ಅವನಿಗೆ ಭಯ. ಅದನ್ನು ಹೇಳಿ ನಕ್ಕೆ. ಆಮೇಲೆ ಕಿರಣ್, ಅಣ್ಣನ ಫೋಟೋ ಅನಾವರಣ ಮಾಡುವವರು ಪ್ರಭಾಕರ್ ಅಂಕಲ್ ಎಂದ. ನಗು ಅಲ್ಲೇ ನಿಂತಿತು.

ಪ್ರಭಾಕರ್ ಯಾರೆಂದು ಹೇಳುತ್ತೇನೆ. ಮೊದಲು ಅಣ್ಣನ ವಿಷಯ ಹೇಳಿಬಿಡುತ್ತೇನೆ, ನಾನು ಓದಿದ್ದು ಏಳನೇ ಕ್ಲಾಸು, ಒಂದರ ಹಿಂದೆ ಒಂದು ಹೇಳದಿದ್ದರೆ ನನಗೇ ದಾರಿ ತಪ್ಪುತ್ತದೆ.

ಅಣ್ಣ ಆಫ್ರಿಕಾದ ಒಂದು ಪುಟ್ಟ ದೇಶದಲ್ಲಿ ಎಂಟು ವರ್ಷ ಗಣಿತದ ಮೇಷ್ಟ್ರಾಗಿದ್ದು, ಆಮೇಲೆ ಆಕ್ಲೆಂಡಿಗೆ ಬಂದ. ಇಲ್ಲಿ ಮೇಷ್ಟ್ರ ಕೆಲಸ ಸಿಗಲಿಲ್ಲ. ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸುತ್ತಿದ್ದ. ಮನೆಗೆ ಬಂದು ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಗ್ಯಾರೇಜಿನಲ್ಲಿ ಕೂತು ಪತ್ರಿಕೆ ಮಾಡುತ್ತಿದ್ದ. ತಿಂಗಳಿಗೊಮ್ಮೆ ಹನ್ನೆರಡು ಪುಟದ ಕನ್ನಡ ಪತ್ರಿಕೆ. ಊರಿನ ಸುದ್ದಿ, ಇಲ್ಲಿನ ಸುದ್ದಿ, ವೀಸಾ ಕಾನೂನು, ಯಾರ ಮನೆಯಲ್ಲಿ ಮಗು, ಯಾರ ತಂದೆ ಊರಿನಲ್ಲಿ ಹೋದರು. ಅಣ್ಣ ಸಂಪಾದಕ. ಅತ್ತಿಗೆ ಕಂಪ್ಯೂಟರಿನಲ್ಲಿ ಅಕ್ಷರ ಹೊಡೆಯುವವಳು. ನಾನು ಮಡಿಸುವವಳು.

ಮಡಿಸುವುದೆಂದರೆ ಸಸಾರ ಮಾಡಬೇಡಿ. ಜೆರಾಕ್ಸ್ ಅಂಗಡಿಯಿಂದ ಹಾಳೆಗಳು ಬಿಸಿಬಿಸಿಯಾಗಿ ಡಬ್ಬದಲ್ಲಿ ಬರುತ್ತಿದ್ದವು. ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಪುಟ ಜೋಡಿಸಿ, ಮಡಿಸಿ, ಚಮಚದ ಹಿಂಭಾಗದಿಂದ ಗೀರಿ, ಪಿನ್ ಹೊಡೆದು, ವಿಳಾಸ ಅಂಟಿಸುತ್ತಿದ್ದೆ. ತಡವಾಗಿ ಬಂದ ಸುದ್ದಿಯನ್ನು ಅಣ್ಣ ಒಂದೇ ಹಾಳೆಯಲ್ಲಿ ಬೇರೆಯಾಗಿ ಅಚ್ಚು ಹಾಕಿಸುತ್ತಿದ್ದ. ಅದನ್ನು ಬಿಡಿ ಹಾಳೆ ಎನ್ನುತ್ತಿದ್ದೆವು. ಪ್ರತಿ ಪತ್ರಿಕೆಯ ಮಧ್ಯಕ್ಕೂ ಒಂದೊಂದನ್ನು ಸೇರಿಸುವುದು ನನ್ನ ಕೆಲಸ. ಓದುತ್ತಿರಲಿಲ್ಲ. ಮುನ್ನೂರು ಪ್ರತಿ ಮಡಿಸಿದ ಮೇಲೆ ಅಕ್ಷರ ಕಂಡರೇ ಆಗುತ್ತಿರಲಿಲ್ಲ.

ನಾನು ಅವನ ಮನೆ ಸೇರಿದ್ದು ಹೇಗೆಂದರೆ, ನನಗೆ ಇಪ್ಪತ್ತೇಳಾಗಿದ್ದಾಗ ಗಂಡ ತೀರಿಹೋದ. ತುಮಕೂರಿನಲ್ಲಿ ಅತ್ತೆಮನೆಯವರು ಒಳಕೋಣೆಗೆ ತಳ್ಳಿದರು. ಅಣ್ಣ ಏನೇನೋ ಓಡಾಡಿ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ಆ ಋಣ ದೊಡ್ಡದು. ಆದರೆ ಹೇಳಲೇಬೇಕು, ಸಿಟ್ಟಿನ ಬೇರು ಅಲ್ಲೂ ಇದೆ. ಗಂಡ ಸತ್ತವಳಿಗೆ ಕುಂಕುಮ ಕೊಡದಿರುವುದು ಎಂಥ ಹೀನ ಪದ್ಧತಿ ಎಂದು ಅಣ್ಣ ಒಮ್ಮೆ ಸಂಪಾದಕೀಯ ಬರೆದ. ಊಟಕ್ಕೆ ಕೂತಾಗ ನಮಗೆ ಗಟ್ಟಿಯಾಗಿ ಓದಿ ಹೇಳಿದ. ಆ ವಾರವೇ ಶುಕ್ರವಾರದ ಪೂಜೆಗೆ ನಾಲ್ಕು ಹೆಂಗಸರು ಮನೆಗೆ ಬಂದಾಗ ಅತ್ತಿಗೆ ಕುಂಕುಮದ ತಟ್ಟೆಯನ್ನು ನನ್ನ ಮುಂದಿನಿಂದ ದಾಟಿಸಿಕೊಂಡು ಹೋದಳು. ಅಣ್ಣ ಅಲ್ಲೇ ಸೋಫಾದಲ್ಲಿ ಕೂತು ಪ್ರೂಫ್ ತಿದ್ದುತ್ತಿದ್ದ. ಕಾಗುಣಿತದ ತಪ್ಪು ಕಾಣುವ ಕಣ್ಣಿಗೆ ಅದು ಕಾಣಲಿಲ್ಲ.

ಈಗ ಪ್ರಭಾಕರ್. ಅವರದು ವೃದ್ಧಾಶ್ರಮ. ಊರಿನಿಂದ ಬಂದ ನರ್ಸ್ ಹುಡುಗಿಯರಿಗೆ ಅಲ್ಲಿ ಕೆಲಸ ಕೊಟ್ಟು, ದೊಡ್ಡ ಮನುಷ್ಯರೆನಿಸಿಕೊಂಡಿದ್ದರು. ಅದೇ ವರ್ಷ ಅಣ್ಣನಿಗೆ ಆ ಪುಟ್ಟ ದೇಶದಿಂದ ಒಂದು ಕಾಗದ ಬಂತು. ಅವನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಮಂತ್ರಿಯಾಗಿದ್ದನಂತೆ. ನ್ಯೂಜಿಲೆಂಡಿನಲ್ಲಿ ನಮ್ಮ ದೇಶದ ಪ್ರತಿನಿಧಿಯಾಗಿ ಗೌರವ ಕಾನ್ಸಲ್ ಆಗುತ್ತೀರಾ ಮೇಷ್ಟ್ರೇ ಎಂದು ಕೇಳಿದ್ದ. ಸಂಬಳವಿಲ್ಲ, ಒಂದು ಬಾವುಟ, ಒಂದು ಮೊಹರು. ಅಣ್ಣ ಮಗುವಿನ ಹಾಗೆ ಕುಣಿದ. ಅದಕ್ಕೆ ಇಲ್ಲಿನ ಮೂವರು ಗಣ್ಯರ ಪರಿಚಯಪತ್ರ ಬೇಕಿತ್ತು. ಅದರಲ್ಲಿ ಒಂದನ್ನು ಕೊಟ್ಟವರು ಪ್ರಭಾಕರ್.

ಪರಿಚಯಪತ್ರ ಕೊಟ್ಟ ಎರಡು ತಿಂಗಳಿಗೆ ಗದಗಿನ ರೆಹಾನಾ ಅಣ್ಣನನ್ನು ಕಾಣಲು ಬಂದಳು. ಪ್ರಭಾಕರ್ ಅವರಲ್ಲಿ ಕೆಲಸಕ್ಕಿದ್ದ ನರ್ಸ್. ಗ್ಯಾರೇಜಿನಲ್ಲಿ ಒಂದು ಗಂಟೆ ಮಾತಾಡಿದರು. ಚಹಾ ಕೊಡಲು ಹೋದಾಗ ಇಷ್ಟು ಕೇಳಿಸಿಕೊಂಡೆ: ಹುಡುಗಿಯರ ಪಾಸ್‌ಪೋರ್ಟುಗಳೆಲ್ಲ ಪ್ರಭಾಕರ್ ಅವರ ಬೀರುವಿನಲ್ಲಿವೆ, ಅವಳು ಹೆಸರು ಹಾಕಿ ಪತ್ರಿಕೆಗೆ ಬರೆದರೆ ಇನ್ನೂ ಐದು ಜನ ಅವಳ ಜೊತೆ ನಿಲ್ಲುತ್ತಾರೆ. ಅಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. ಪರಿಚಯಪತ್ರ ಕೊಟ್ಟವರು ಇವರೇ ಅಲ್ಲವೇ ಎಂದು ಅತ್ತಿಗೆ ನೆನಪಿಸಿದಾಗ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದ. ಪುಟಗಳು ಆಗಲೇ ಅಚ್ಚಿಗೆ ಹೋಗಿದ್ದರಿಂದ ರೆಹಾನಾಳ ಪತ್ರ ಬಿಡಿ ಹಾಳೆಯಾಯಿತು. ಮಾರನೆಯ ದಿನ ಅಣ್ಣ ಕಾನ್ಸಲ್ ಕಾಗದಪತ್ರಗಳಿಗಾಗಿ ಅತ್ತಿಗೆಯನ್ನು ಕರೆದುಕೊಂಡು ವೆಲ್ಲಿಂಗ್ಟನ್ನಿಗೆ ಹೋದ. ಹಾಳೆಗಳನ್ನು ನನಗೆ ಒಪ್ಪಿಸಿ ಹೋದ.

ಅದು ಗೌರಿ ಹಬ್ಬದ ವಾರ. ಇಲ್ಲಿ ಆಗ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಪ್ರಭಾಕರ್ ಅವರ ಹೆಂಡತಿ ಸುಮಿತ್ರಮ್ಮ ಮೈಸೂರಿನವರು, ಹಬ್ಬ ಜೋರಾಗಿ ಮಾಡುವವರು. ನನ್ನನ್ನು ತಾವೇ ಕಾರಿನಲ್ಲಿ ಬಂದು ಕರೆದುಕೊಂಡು ಹೋದರು. ಪಾತ್ರೆ ತೊಳೆಯಲು ಸಹಾಯ ಬೇಕೇನೋ ಎಂದುಕೊಂಡೇ ಹೋದೆ. ಅಲ್ಲಿ ಹತ್ತು ಹನ್ನೆರಡು ಮುತ್ತೈದೆಯರು ಕೂತಿದ್ದರು. ಸುಮಿತ್ರಮ್ಮ ನನ್ನನ್ನು ಅವರ ಸಾಲಿನಲ್ಲಿ ಕೂರಿಸಿ, ಕೆನ್ನೆಗೆ ಅರಿಶಿನ ಹಚ್ಚಿ, ಹಣೆಗೆ ಕುಂಕುಮವಿಟ್ಟು, ಸೆರಗು ಮುಚ್ಚಿ ಬಾಗಿನ ಕೊಟ್ಟರು. ಮೊರ ಇಲ್ಲಿ ಸಿಗುವುದಿಲ್ಲ, ಪ್ಲಾಸ್ಟಿಕ್ ಟ್ರೇಗಳು. ಅದರಲ್ಲಿ ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ತೆಂಗಿನಕಾಯಿ. ಹತ್ತೊಂಬತ್ತು ವರ್ಷದ ಮೇಲೆ ನನ್ನ ಹಣೆಯನ್ನು ಒಂದು ಹೆಣ್ಣಿನ ಬೆರಳು ಮುಟ್ಟಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ವಾಪಸು ಬಿಡಲು ಬಂದಾಗ ಸುಮಿತ್ರಮ್ಮ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡು, "ನೀನು ನನ್ ತಂಗಿ ಇದ್ದ ಹಾಗೆ. ಆ ಹುಡುಗಿ ನಿಮ್ ಪತ್ರಿಕೆಗೆ ಅದೇನೋ ಬರ್ದಿದ್ದಾಳಂತೆ. ಈ ಒಂದ್ ತಿಂಗಳು ಬೇಡ ಕಣೇ, ಆಮೇಲೆ ಮನೆಯೋರೇ ಎಲ್ಲಾ ಸರಿ ಮಾಡ್ತಾರೆ" ಎಂದರು.

ನನಗೆ ಮೋಸವಾಯಿತು ಎಂದು ಹೇಳಿಕೊಳ್ಳಬಹುದಿತ್ತು. ಹೇಳುವುದಿಲ್ಲ. ಆ ಕುಂಕುಮ ಯಾಕೆ ಬಂತೆಂದು ಕಾರು ಇಳಿಯುವ ಮೊದಲೇ ನನಗೆ ತಿಳಿದಿತ್ತು. ತಿಳಿದೂ ಅದನ್ನು ಒರೆಸಿಕೊಳ್ಳಲಿಲ್ಲ. ಅದನ್ನು ಇಟ್ಟುಕೊಂಡೇ ಪತ್ರಿಕೆ ಮಡಿಸಿ ಅಂಚೆಗೆ ಹಾಕಿದೆ. ಬಿಡಿ ಹಾಳೆಗಳನ್ನು ರದ್ದಿಯ ತೊಟ್ಟಿಯಲ್ಲಿ ಹಾಲಿನ ಡಬ್ಬಗಳ ಕೆಳಗೆ ಹಾಕಿದೆ. ಗುರುವಾರ ಬೆಳಿಗ್ಗೆ ಲಾರಿ ಬಂದು ಎತ್ತಿಕೊಂಡು ಹೋಯಿತು.

ಅಣ್ಣ ಮೊಹರು, ಬಾವುಟ ತಂದ. ಬಿಡಿ ಹಾಳೆ ಎಲ್ಲದಕ್ಕೂ ಇಟ್ಟೆಯಾ ಎಂದು ಕೇಳಿದ. ಇಟ್ಟೆ ಎಂದೆ. ಶನಿವಾರ ರೆಹಾನಾ ಫೋನು ಮಾಡಿದಳು. ಪತ್ರ ಬರಲಿಲ್ಲವೆಂದು ಉಳಿದ ಐದೂ ಜನ ಹೆದರಿ ಹಿಂದೆ ಸರಿದಿದ್ದರು. ಅಣ್ಣ ನಿಂತುಕೊಂಡೇ ಎಲ್ಲ ಕೇಳಿದ. ಕೊನೆಗೆ, "ತಪ್ಪು ನಂದೇ, ಬೇರೆ ಯಾರ್ದೂ ಅಲ್ಲ" ಎಂದ. ಈಗಲೇ ಮತ್ತೆ ಅಚ್ಚು ಹಾಕಿಸುತ್ತೇನೆ ಎಂದ. ಅವಳು ಬೇಡವೆಂದಳು. ಒಬ್ಬಳೇ ಜಗಳವಾಡಿ ಪಾಸ್‌ಪೋರ್ಟ್ ಕಿತ್ತುಕೊಂಡು, ಕೆಲಸ ಬಿಟ್ಟು ವೆಲ್ಲಿಂಗ್ಟನ್ ಹತ್ತಿರದ ಪೊರಿರುವಾಕ್ಕೆ ಹೋದಳು. ಅಣ್ಣ ಫೋನು ಇಟ್ಟು ನನ್ನ ಮುಖ ನೋಡಿದ. ಸ್ವಲ್ಪ ಚಹಾ ಮಾಡುತ್ತೀಯಾ ಎಂದ. ಅಷ್ಟೇ.

ಇಲ್ಲಿನ ನಮ್ಮ ಜನ ಬಿಡುತ್ತಾರೆಯೇ? ಪ್ರಭಾಕರ್ ಪರಿಚಯಪತ್ರ ಕೊಟ್ಟರು, ಇವನು ನರ್ಸಿನ ಪತ್ರ ನುಂಗಿದ, ಕಾನ್ಸಲ್ ಕುರ್ಚಿ ಸಿಕ್ಕಿತು. ಪಾಪಟೋಟೊಯಿಯ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಾ ಇದನ್ನೇ ಆಡಿದರು. ನಾನು ಪಕ್ಕದಲ್ಲೇ ಬೆಂಡೆಕಾಯಿ ಮುರಿದು ನೋಡುತ್ತಾ ಕೇಳಿಸಿಕೊಂಡೆ. ಪತ್ರಿಕೆಯಲ್ಲಿ ಬಂದದ್ದಕ್ಕೂ ಬಾರದ್ದಕ್ಕೂ ಸಂಪಾದಕನೇ ಹೊಣೆ ಎಂದು ಅಣ್ಣ ಮುಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದ. ಜನ ಅದನ್ನು ಒಪ್ಪಿಗೆ ಎಂದುಕೊಂಡರು. ವರ್ಷದೊಳಗೆ ಪತ್ರಿಕೆ ನಿಂತಿತು.

ಕಾನ್ಸಲ್ ಕೆಲಸ ಉಳಿಯಿತು. ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಒಂದು ದೇಶದ ಬಾವುಟ. ವರ್ಷಕ್ಕೆ ಇಬ್ಬರೋ ಮೂವರೋ ಬರುತ್ತಿದ್ದರು. ಒಮ್ಮೆ ಆ ದೇಶದ ನಾವಿಕನೊಬ್ಬ ಹೊಟ್ಟೆ ಆಪರೇಷನ್ ಆಗಿ ನಮ್ಮಲ್ಲಿ ಹತ್ತು ದಿನ ಇದ್ದ. ರಾಗಿಮುದ್ದೆ ಇಟ್ಟೆ. ಯಾರೂ ಹೇಳಿಕೊಡದೆ ಮುರಿದು, ಗುಳಿ ಮಾಡಿ, ಸಾರಿನಲ್ಲಿ ಅದ್ದಿ ನುಂಗಿದ. ಅಣ್ಣ ನನ್ನ ಕಡೆ ನೋಡಿ ನಕ್ಕ. ಆ ವರ್ಷಗಳಲ್ಲಿ ಅವನು ನಕ್ಕದ್ದು ನೆನಪಿರುವುದು ಅದೊಂದೇ ಸಲ.

ಕೊನೆಯಲ್ಲಿ ಮೂರು ವಾರ ಆಸ್ಪತ್ರೆಯಲ್ಲಿದ್ದ. ಒಂದು ಮಧ್ಯಾಹ್ನ, ಅಣ್ಣ, ಆ ಹಾಳೆ ಎಂದು ಶುರು ಮಾಡಿದೆ. "ಕಿಟಕಿ ಸ್ವಲ್ಪ ತೆಗಿ" ಎಂದ. ತೆಗೆದೆ. ಮತ್ತೆ ಆ ಮಾತು ಎತ್ತಲಿಲ್ಲ. ಅವನು ಕ್ಷಮಿಸಿದ್ದ ಎಂದು ಒಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಲೈಬ್ರರಿಯ ಆ ಗಿಡ್ಡ ಕುರ್ಚಿಯ ಮೇಲೆ ಕೂತಾಗ ಅವನ ಮೇಲೇ ಸಿಟ್ಟು ಬಂತು. ಕ್ಷಮಿಸಲು ಅವನು ಯಾರು? ಹಾಳೆ ಅವನದಲ್ಲ, ರೆಹಾನಾಳದು. ನನ್ನನ್ನು ಕಾಪಾಡುತ್ತೇನೆಂದು ಅವನು ಬಾಯಿ ಮುಚ್ಚಿದ, ಅವನ ಬೆನ್ನ ಹಿಂದೆ ನಾನು ಆರಾಮಾಗಿ ಕೂತೆ, ನಮ್ಮಿಬ್ಬರ ನಡುವೆ ಆ ಹುಡುಗಿ ಒಬ್ಬಳೇ ಉಳಿದು ಸುಳ್ಳುಗಾತಿ ಎನಿಸಿಕೊಂಡಳು.

ಪರಿಚಯದ ನರ್ಸೊಬ್ಬಳಿಂದ ನಂಬರು ತೆಗೆದುಕೊಂಡು ಬುಧವಾರ ಪೊರಿರುವಾಕ್ಕೆ ಫೋನು ಮಾಡಿದೆ. ಎಲ್ಲ ಹೇಳಿದೆ, ಬಾಗಿನವನ್ನೂ ಹೇಳಿದೆ.

"ನಿಮ್ಮ ಅಣ್ಣಾರು ಕುರ್ಚಿ ಸಲುವಾಗಿ ನನ್ನ ಮಾರಿದ್ರು ಅಂತ ಹದಿನೆಂಟು ವರ್ಷ ಅಂದ್ಕೋತ ಬಂದೀನಿ" ಎಂದಳು. "ಅವರು ಇದ್ದಾಗ ಯಾಕ ಹೇಳಲಿಲ್ರಿ?"

ಧೈರ್ಯ ಇರಲಿಲ್ಲ ಎಂದೆ.

"ಹೋಗ್ಲಿ. ನಾ ಏನು ಬರ್ದಿದ್ದೆ ಅಂತರೆ ಓದಿದ್ರೇನು?"

ಇಲ್ಲ ಎಂದೆ. ಹದಿನೆಂಟು ವರ್ಷ ಹೊತ್ತುಕೊಂಡು ತಿರುಗಿದ ತಪ್ಪಿನಲ್ಲಿ ಏನು ಬರೆದಿತ್ತೆಂದು ನನಗೆ ಗೊತ್ತಿರಲಿಲ್ಲ. ಬೈಯುತ್ತಾಳೆ ಎಂದುಕೊಂಡೆ. ಪೆನ್ನು ತಗೋರಿ ಎಂದಳು. ಅವಳಿಗೆ ಬಾಯಿಪಾಠವಾಗಿತ್ತು. ನಿಧಾನ ಹೇಳಮ್ಮ ಎಂದು ಬರೆದುಕೊಂಡೆ. ಅದು ಇಷ್ಟು:

"ನಾವು ಆರು ಜನ ಇಲ್ಲಿ ಮುದುಕರ ಸೇವೆಗೆ ಬಂದಿದ್ದೇವೆ. ಕೆಲಸಕ್ಕೆ ನಾವು ಅಂಜುವುದಿಲ್ಲ. ಬಂದ ದಿನ ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡರು, ಎರಡು ವರ್ಷವಾದರೂ ಕೊಟ್ಟಿಲ್ಲ. ನನ್ನ ತಾಯಿ ತೀರಿಕೊಂಡಾಗ ಕೇಳಿದೆ, ಕೊಡಲಿಲ್ಲ. ಮಣ್ಣಿಗೆ ಹೋಗಲಾಗಲಿಲ್ಲ. ಬೇರೆ ಏನೂ ಕೇಳುವುದಿಲ್ಲ, ಅದನ್ನು ನಮ್ಮ ಕೈಗೆ ಕೊಡಿಸಿರಿ. ಕೆಳಗೆ ನನ್ನ ಹೆಸರು ಹಾಕಿರಿ. ರೆಹಾನಾ, ಗದಗ."

ಇಷ್ಟನ್ನೂ ನಿನ್ನೆ ಕಿರಣನಿಗೆ ಕಳಿಸಿದೆ. ಆಂಟಿ, ಇದನ್ನ ಸಂಚಿಕೆಗೆ ಹೇಗೆ ಹಾಕೋದು ಎಂದ. ಹಾಕಿದರೆ ಹಾಕು, ಬಿಟ್ಟರೆ ಬಿಡು, ಸಭೆಯಲ್ಲಿ ಓದುತ್ತೇನೆ ಎಂದೆ. ರೆಹಾನಾ ಬಸ್ಸಿನಲ್ಲಿ ಬರುತ್ತಾಳಂತೆ. ನಮ್ಮ ಮನೆಯಲ್ಲಿ ಉಳಿದುಕೋ ಎಂದು ಕರೆದೆ. "ನಿಮ್ಮ ಮನಿಗೆ ಬರೂದಿಲ್ರಿ. ಸಭಾಕ್ಕ ಬರ್ತೀನಿ" ಎಂದಳು. ಅದು ಅವಳ ನ್ಯಾಯ.

ಪ್ರಭಾಕರ್ ವೇದಿಕೆಯ ಮೇಲಿರುತ್ತಾರೆ, ಸುಮಿತ್ರಮ್ಮ ಮುಂದಿನ ಸಾಲಿನಲ್ಲಿ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ತುಂಬ ಹೊತ್ತು ಹಿಡಿಯುತ್ತದೆ. ನಡುವೆ ಯಾರಾದರೂ ಎದ್ದು ಸಾಕು ಎನ್ನಬಹುದು. ಗದಗ ಎಂಬಲ್ಲಿಗೆ ಮುಟ್ಟುವ ತನಕ ನಾನು ಕೂರುವುದಿಲ್ಲ.