ನಿಂಗಪ್ಪ ವಕೀಲರ ಮೂರನೇ ಅರ್ಜಿ

ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡಿದರೆ ನಿಂಗಪ್ಪ ವಕೀಲರಿಗೆ ಮೈ ಉರಿಯುತ್ತಿತ್ತು. ಸವದತ್ತಿ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಯಾರಾದರೂ ಹೆಂಡತಿಗೂ ಸೇರಿಸಿ ಚಹಾ ಹೇಳಿದರೆ, ಪಕ್ಕದ ಬೆಂಚಿನಿಂದಲೇ, "ಅಕ್ಕಾರ, ನಿಮಗೂ ಚಹಾನ ಬೇಕೇನ್ರಿ?" ಎಂದು ಕೇಳಿಬಿಡುತ್ತಿದ್ದರು. ಗಂಡ ದುರುಗುಟ್ಟುತ್ತಿದ್ದ. ವಕೀಲರ ಟೈಪಿಸ್ಟ್ ಆಗಿದ್ದ ನಾನು ತಲೆ ತಗ್ಗಿಸುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಅವರು ಉಚಿತ ಕಾನೂನು ನೆರವಿನ ವಕೀಲರಾದರು. ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಸರ್ಕಾರವೇ ವಕೀಲರನ್ನು ಕೊಡುವ ಏರ್ಪಾಡು ಅದು. ಉಳಿದವರು ಜಾಮೀನು, ಜೀವನಾಂಶದ ಕೇಸು ಆರಿಸಿಕೊಂಡರೆ ಇವರು ಯಾರೂ ಮುಟ್ಟದ ಕಡತ ಎತ್ತಿಕೊಂಡರು. ಗುಣವಾದ ಮೇಲೂ ಮಾನಸಿಕ ಆಸ್ಪತ್ರೆಯಲ್ಲೇ ಉಳಿದುಹೋದವರ ಕಡತ.

ಮೊದಲನೆಯವಳು ಸಾಲಹಳ್ಳಿಯ ಗಂಗವ್ವ. ಹೆರಿಗೆಯಲ್ಲಿ ಕೂಸು ಹೋಗಿ ಬುದ್ಧಿ ಕದಡಿದ್ದವಳನ್ನು ಅಣ್ಣ ತಂದು ಸೇರಿಸಿ ಹೋಗಿದ್ದ. ಆಕೆ ಗುಣವಾಗಿ ನಾಲ್ಕು ವರ್ಷವಾಗಿತ್ತು. ಮನೆಯವರು ಬಂದು ರುಜು ಮಾಡಲಿ ಎನ್ನುತ್ತಿದ್ದರು ಡಾಕ್ಟರು. ಅಣ್ಣ ಕಾಗದಕ್ಕೆ ಉತ್ತರವನ್ನೇ ಕೊಡುತ್ತಿರಲಿಲ್ಲ.

ಬಿಡುಗಡೆ ಕೋರಿದ ಮೊದಲ ಅರ್ಜಿ, ಡಾಕ್ಟರ ಸರ್ಟಿಫಿಕೇಟಿನ ಮೇಲೆ ಆಸ್ಪತ್ರೆಯ ಮೊಹರು ಇಲ್ಲವೆಂದು ವಾಪಸು ಬಂತು. ಎರಡನೆಯದನ್ನು ಟೈಪ್ ಮಾಡಿದೆ. ಅಣ್ಣನಿಗೆ ನೋಟೀಸು ಹೋಯಿತು. ಆತ ಐದು ತಾರೀಖು ತಪ್ಪಿಸಿ ಆರನೆಯದಕ್ಕೆ ಬಂದು, ಮುಖ ಗಂಟಿಕ್ಕಿಕೊಂಡೇ ಒಪ್ಪಿದ. ನಾನು ಉಸ್ಸೆಂದೆ. ಸುದ್ದಿ ಹೇಳಲು ಅಣ್ಣನೂ ಸೇರಿ ನಾವು ಮೂವರೂ ಆಸ್ಪತ್ರೆಗೆ ಹೋದೆವು.

ವಕೀಲರು ಗಂಗವ್ವನ ಪಕ್ಕ ಕುಳಿತರು. "ಯವ್ವಾ, ನಿಮ್ಮಣ್ಣ ಕರಕೊಂಡು ಹೋಗತೇನಿ ಅಂತಾನ. ನೀ ಏನಂತಿ?"

"ಆಕಿ ಏನಂತಾಳ್ರಿ, ಬರ್ತಾಳ," ಎಂದ ಅಣ್ಣ.

"ನಿಮ್ಮನ್ನ ಕೇಳಿಲ್ರಿ."

ಗಂಗವ್ವ ಅಣ್ಣನ ಕಡೆ ನೋಡಲಿಲ್ಲ. "ನಾ ಆ ಮನಿಗೆ ಹೋಗಂಗಿಲ್ರಿ. ಅಲ್ಲಿ ನನ್ನ ದನದ ಕೊಟಗ್ಯಾಗ ಕಟ್ಟಿದ್ರು. ಮುನವಳ್ಳ್ಯಾಗ ನನ್ನ ಗೆಳತಿ ಬಸವ್ವ ಖಾನಾವಳಿ ನಡಸ್ತಾಳ. ರೊಟ್ಟಿ ಬಡಕೊಂತ ಅಲ್ಲೇ ಇರ್ತೇನಿ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಸರ್, ಆರು ತಾರೀಖು ಅಡ್ಡಾಡಿದ್ವಿ! ಇದನ್ನ ಮೊದಲ ದಿನಾನ ಕೇಳಬೇಕಿತ್ತಲ್ರಿ?"

ಜಗತ್ತಿಗೆಲ್ಲ ಬೈಯುವ ಮನುಷ್ಯ ತೊಡೆಯ ಮೇಲಿನ ಕಡತ ಬಿಚ್ಚಿ ಎರಡೂ ಅರ್ಜಿ ತಿರುವಿ ನೋಡಿದರು. "ಖರೇ ಐತಿ ಶಾಂತಾ. ಎರಡೂ ಅರ್ಜ್ಯಾಗ ಮನಿ, ಮನಿ ಅಂತ ನಾನ ಬರಸೇನಿ. ಯಾವ ಮನಿ ಅಂತ ನಾನೂ ಕೇಳಲಿಲ್ಲ."

ಮೂರನೇ ಅರ್ಜಿ ಟೈಪ್ ಮಾಡುವಾಗ ಕೀಲಿಗಳನ್ನು ಕುಟ್ಟಿದೆನೇ ಹೊರತು ಒತ್ತಲಿಲ್ಲ. ಬಸವ್ವನ ಜೊತೆ ಕಳಿಸಲು ನ್ಯಾಯಾಧೀಶರು ಒಪ್ಪಿದರು. ಬಸವ್ವ ಖಾನಾವಳಿ ಬಾಗಿಲು ಹಾಕಿ ಬಂದು, ರುಜು ಮಾಡಿ, ಗೆಳತಿಯ ಗಂಟನ್ನು ತಾನೇ ಎತ್ತಿಕೊಂಡು ನಡೆದಳು.

ಆಮೇಲೆ ಏಳೆಂಟು ವರ್ಷ ಇಂಥವೇ ಕಡತಗಳು. ಕೊನೆಯ ಸಲ ವಕೀಲರನ್ನು ಕಂಡಾಗ ಮೈಯಲ್ಲಿ ಜ್ವರ, ಕೈಯಲ್ಲಿ ಅದೇ ಆಸ್ಪತ್ರೆಯಲ್ಲಿದ್ದ ರಾಮದುರ್ಗದ ಮುದುಕನೊಬ್ಬನ ಕಾಗದಪತ್ರ. ಮನೆಗೆ ಹೋಗಿ ಮಲಗಿರಿ ಎಂದು ಗದರಿದೆ. "ಮಂಗಳವಾರ ಬರತೇನಿ ಅಂತ ಹೇಳೇನಿ. ಕಾಯಕೊಂತ ಕುಂತಿರ್ತಾನ," ಎಂದರು.

ಭಾನುವಾರ ತೀರಿಕೊಂಡರು.

ಮಂಗಳವಾರ ನಾನೇ ಹೋದೆ. ಮುದುಕ ಒಗೆದ ಅಂಗಿ ತೊಟ್ಟು, ಗಂಟು ಕಟ್ಟಿಕೊಂಡು ಗೇಟಿನ ಬಳಿ ಕುಳಿತಿದ್ದ. ನನ್ನ ಬೆನ್ನ ಹಿಂದಿನ ದಾರಿ ನೋಡುತ್ತ, "ವಕೀಲ್ರು ಹಿಂದ ಬರಾಕ್ಹತ್ಯಾರೇನ್ರಿ?" ಎಂದು ಕೇಳಿದ.

ಕೋರ್ಟಿನಲ್ಲಿ ಅವನ ಪರ ನಿಲ್ಲಲು ಇನ್ನೊಬ್ಬ ವಕೀಲರು ಸಿಗುವವರೆಗೆ ಆತ ಮತ್ತೆ ಮೂರು ತಿಂಗಳು ಅಲ್ಲೇ ಉಳಿದ.