ಭತ್ತ ಹರಡುವ ಕಣದಲ್ಲಿ ಉದ್ದ ಕಾಲಿನವರು

ಹೊಸ ಅಗ್ರಹಾರದಲ್ಲಿ ಕೋಳಿಗಳು ಇನ್ನೂ ಕೂಗಿ ಮುಗಿಸಿಲ್ಲ. ಶಿವನಂಜಪ್ಪನವರ ರೈಸ್ ಮಿಲ್ಲಿನ ಹಿಂದಿರುವ ಸಿಮೆಂಟಿನ ಕಣದಲ್ಲಿ ಆಗಲೇ ಚೆಂಡಿನ ಸದ್ದು. ಡಿಸೆಂಬರಿನ ಮಂಜು ನಾಲೆಯ ಕಡೆಯಿಂದ ಬಂದು ಕಣದ ತುಂಬ ಕೂತಿರುವುದರಿಂದ ಚೆಂಡು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಅದರ ಹಿಂದೆಯೇ ಒಂದು ದನಿ ಕೇಳುತ್ತದೆ: "ಬೆನ್ನು ಬಗ್ಗಿಸ್ಬ್ಯಾಡಿ ಕಣ್ರಲಾ, ಮಂಡಿ ಬಗ್ಗಿಸಿ! ಬೆನ್ನು ಬಗ್ಗಿಸೋ ಕೆಲ್ಸ ಮುಂದೆ ಬೇಕಾದಷ್ಟದೆ!"

ದನಿಯ ಒಡೆಯರು ಕುಳ್ಳಯ್ಯ. ತಾತನ ಹೆಸರೆಂದು ಇಟ್ಟವರು ಕೂಸು ಮುಂದೆ ಹೀಗೆ ಬೆಳೆದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆರಡಿ ಮೂರಂಗುಲದ ಈ ಆಳು ಮಿಲ್ಲಿನ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಹೋಗುವಂತಿಲ್ಲ. ಹೊಸದಾಗಿ ಬಂದ ಲಾರಿಯವರು "ಕುಳ್ಳಯ್ಯ ಅಂದ್ರೆ ಯಾರಪ್ಪಾ?" ಎಂದು ಕೇಳುವುದು, ಎದ್ದು ಬಂದವರನ್ನು ನೋಡಿ ನಗುವುದು ಇಲ್ಲಿ ಎಂದಿನ ತಮಾಷೆ. ವಯಸ್ಸು ಮೂವತ್ತಾರು. ಹಗಲೆಲ್ಲ ಮೂಟೆ ಹೊರುವ ಹಮಾಲಿ, ಸುಗ್ಗಿಯಲ್ಲಂತೂ ದಿನಕ್ಕೆ ಇನ್ನೂರು ಮೂಟೆಗೆ ಕಡಿಮೆಯಿಲ್ಲ. ಬೆಳಗಿನ ಜಾವ ಮಾತ್ರ ಊರಿನ ಹುಡುಗ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಮೇಷ್ಟ್ರು. ಮೊದಲನೆಯದು ಹೊಟ್ಟೆಪಾಡು. ಎರಡನೆಯದಕ್ಕೆ ಯಾರೂ ಏನೂ ಕೊಡುವುದಿಲ್ಲ, ಅವರು ಕೇಳಿಯೂ ಇಲ್ಲ.

ಕಣದ ಎರಡು ತುದಿಗೆ ಎರಡು ಕಂಬಗಳಿವೆ. ಹಳೇ ಲಾರಿಯ ಬಾಡಿ ಬಿಚ್ಚಿದ ಹಲಗೆಗಳನ್ನು ಅವಕ್ಕೆ ಹೊಡೆದು, ಕಮ್ಮಾರನ ಕೈಲಿ ಬಾಗಿಸಿದ ಕಬ್ಬಿಣದ ಬಳೆ ಕೂರಿಸಿದ್ದಾರೆ. ಬಲೆಯಿಲ್ಲ. ಬಾಯ್ಲರಿನಲ್ಲಿ ಬೆಂದ ಭತ್ತ ಹೊರಬರುವ ತನಕ ಈ ಜಾಗ ಆಟದವರದು. ಆಮೇಲೆ ಕಣ ಗುಡಿಸಿ, ಹಬೆಯಾಡುವ ಭತ್ತವನ್ನು ಹರಡಿಕೊಟ್ಟೇ ಅವರು ಶಾಲೆಗೆ ಹೋಗಬೇಕು. ಕಣಕ್ಕೆ ಕೊಡುವ ಬಾಡಿಗೆ ಇದೊಂದೇ.

ಆದರೆ ಕುಳ್ಳಯ್ಯನವರ ಪಾಠದಲ್ಲಿ ಅರ್ಧ ಇರುವುದು ಈ ಬಾಡಿಗೆಯಲ್ಲೇ. ಹರಡಿದ ಭತ್ತವನ್ನು ಆಗಾಗ ಕಾಲಿನಿಂದ ಮಗುಚಬೇಕು. ಪಾದ ಎತ್ತದೆ, ನೆಲಕ್ಕೆ ಅಂಟಿಸಿಕೊಂಡೇ ಸರಿದರೆ ಕೆಳಗಿನ ಕಾಳು ಮೇಲೆ ಬರುತ್ತದೆ. ಈ ಕೆಲಸದಲ್ಲಿ ಮಿಲ್ಲಿಗೇ ಹಿರಿಯರಾದ ಪುಟ್ಟತಾಯಮ್ಮ ಸೀರೆ ಮೇಲಕ್ಕೆ ಸಿಕ್ಕಿಸಿ ಕಣಕ್ಕಿಳಿದರೆ ಹಿಂದೆ ಬಾಚಣಿಗೆ ಎಳೆದ ಹಾಗೆ ಸಾಲು ಮೂಡುತ್ತದೆ. ಉದ್ದ ಕಾಲಿನ ಹುಡುಗರೆಲ್ಲ ಅವರ ಹಿಂದೆ ಅಡ್ಡಡ್ಡ ಸರಿಯಬೇಕು. "ಕಾಲೆತ್ತಬ್ಯಾಡ ಕಣ್ಲಾ, ಕಾಳು ಚೆಲ್ತದೆ!" ಎಂದು ಅಜ್ಜಿ ಗದರುತ್ತಾರೆ. ಎದುರಾಳಿಯ ಮುಂದೆ ಅಡ್ಡಡ್ಡ ಸರಿಯುವುದೂ ಹೀಗೇ ಎಂದು ಕುಳ್ಳಯ್ಯ ಸೇರಿಸುತ್ತಾರೆ.

ಇನ್ನೊಂದು ಕಟ್ಟಳೆಯೂ ಇಲ್ಲಿದೆ. ಕಂಬದ ಮುಂದೆ ಸುಣ್ಣದಲ್ಲಿ ಅರ್ಧ ಚಂದ್ರಾಕಾರದ ಗೆರೆ ಎಳೆದಿದ್ದಾರೆ. ಎಲ್ಲರಿಗಿಂತ ಉದ್ದ ಇರುವವರು ಮೊದಲ ವರ್ಷ ಆ ಗೆರೆ ದಾಟಿ ಬಳೆಯ ಕೆಳಗೆ ಹೋಗುವಂತಿಲ್ಲ. ಕುಳ್ಳರು ಹೋಗಬಹುದು. ಬ್ಯಾಸ್ಕೆಟ್‌ಬಾಲ್ ಬಲ್ಲವರು ಯಾರಾದರೂ ನೋಡಿದರೆ ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಕೆಲವರು ಹಾಗೆ ಅಂದದ್ದೂ ಉಂಟು.

ಇದರ ಬೇರು ಹುಡುಕಿದರೆ ಸಾವಿರದ ಒಂಬೈನೂರ ಎಂಬತ್ತೈದಕ್ಕೆ ಹೋಗಬೇಕು. ಆಗ ಕುಳ್ಳಯ್ಯನವರಿಗೆ ಹದಿನೆಂಟು. ಹೈಸ್ಕೂಲಿಗೆ ಸೇರಿದ ದಿನವೇ ಅವರ ಎತ್ತರ ನೋಡಿ ಬಳೆಯ ಕೆಳಗೆ ನಿಲ್ಲಿಸಿದ್ದರು. ಕೈ ಎತ್ತಿಕೊಂಡು ನಿಂತಿರು, ಚೆಂಡು ಬಂದರೆ ಒಳಗೆ ಹಾಕು, ಅಷ್ಟೇ ಕೆಲಸ. ತಾಲ್ಲೂಕಿನಲ್ಲಿ ಅವರಿಗೆ ಎದುರಿಲ್ಲ. ಊರಿಗೆ ಊರೇ ಹೊಗಳಿ ಅಟ್ಟಕ್ಕೇರಿಸಿ, ಜಿಲ್ಲಾ ತಂಡದ ಆಯ್ಕೆಗೆಂದು ಮೈಸೂರಿಗೆ ಕಳಿಸಿತು. ಅಲ್ಲಿ ನೋಡಿದರೆ ಇವರಿಗಿಂತ ಉದ್ದದವರು ಸಾಲಾಗಿ ನಿಂತಿದ್ದಾರೆ. ಆಯ್ಕೆದಾರರು ಕೈಗೆ ಚೆಂಡು ಕೊಟ್ಟು, ಪುಟಿಸುತ್ತ ಈ ತುದಿಯಿಂದ ಆ ತುದಿಗೆ ಹೋಗು ಎಂದರು.

"ಚೆಂಡು ಪುಟಿಸೋದು ನಂಗೆ ಯಾರೂ ಏಳ್ಕೊಟ್ಟೇ ಇರ್ನಿಲ್ಲ ಕಣ್ರೀ. ನಾಕು ಎಜ್ಜೆ ಆಕಿದ್ದೆ, ನನ್ನ ಕಾಲಿಗೇ ಬಡ್ಕೊಂಡು ಉಳ್ಳಾಡ್ಕೊಂಡು ಗೇಟಿನ ತಾವ ಓಯ್ತು. ಎಲ್ರೂ ನಕ್ಬುಟ್ರು. ತರಾಕೆ ಅಂತ ಓದೆ. ಚೆಂಡಿನ ತಾವ ಓದೋನು ಬಗ್ಗಿ ಎತ್ಕೊಳ್ನೇ ಇಲ್ಲ. ಅಂಗೇ ಗೇಟು ದಾಟಿ ಬಸ್‌ಸ್ಟ್ಯಾಂಡಿಗೆ ಓಗ್ಬುಟ್ಟೆ. ಅಂಗಿ ಅಲ್ಲೇ ಬೆಂಚಿನ ಮ್ಯಾಲಿತ್ತು. ಬನೀನಲ್ಲೇ ಊರಿಗೆ ಬಂದೆ."

ಮರುದಿನವೇ ಅವರು ಮಿಲ್ಲಿನ ಹಮಾಲಿಯಾದರು. ಲಾರಿಯ ಮೇಲಿನ ಸಾಲಿಗೆ ಮೂಟೆ ಎಟುಕಿಸಲು ಉದ್ದದವನೊಬ್ಬ ಬೇಕಾಗಿತ್ತು. ಇಲ್ಲೂ ಕೈ ಎತ್ತಿಕೊಂಡು ನಿಲ್ಲುವ ಕೆಲಸವೇ. ಒಂಬತ್ತು ವರ್ಷ ಚೆಂಡಿನ ಸುದ್ದಿಗೇ ಹೋಗಲಿಲ್ಲ.

ತೊಂಬತ್ನಾಲ್ಕರ ಸುಗ್ಗಿಯಲ್ಲಿ ಫಿಲಿಪೀನ್ಸ್ ದೇಶದ ಭತ್ತದ ತಜ್ಞರೊಬ್ಬರು ಈ ಭಾಗದ ತಳಿಗಳನ್ನು ನೋಡಲು ಬಂದು ಮಿಲ್ಲಿನ ಅತಿಥಿ ಕೋಣೆಯಲ್ಲಿ ಉಳಿದರು. ಹೆಸರು ಡಾನಿಲೊ. ಎರಡೇ ದಿನದಲ್ಲಿ ಊರವರ ಬಾಯಲ್ಲಿ ದಾನಪ್ಪನಾದರು. ಗಿಡ್ಡಗೆ, ಗುಂಡಗೆ, ಸದಾ ನಗುವ ಮನುಷ್ಯ. ಕಣದಲ್ಲಿ ಹೆಂಗಸರು ಕಾಲಲ್ಲಿ ಭತ್ತ ಮಗುಚುವುದನ್ನು ಕಂಡವರೇ ಕುಣಿದಾಡಿಬಿಟ್ಟರು. ಜೊತೆಗಿದ್ದ ಕೃಷಿ ಇಲಾಖೆಯವರು ಅವರ ಮಾತನ್ನು ಕನ್ನಡದಲ್ಲಿ ಹೇಳಿದರು: ಇವರ ಹಳ್ಳಿಯಲ್ಲೂ ಹೀಗೇ ಭತ್ತ ಒಣಗಿಸುತ್ತಾರಂತೆ, ಆದರೆ ಬ್ಯಾಸ್ಕೆಟ್‌ಬಾಲ್ ಆಡುವ ಅಂಗಳದಲ್ಲಿ. ಇಲ್ಲಿ ಅಂಗಳ ಇದೆ, ಕಂಬ ಎಲ್ಲಿ ಅಂತ ಕೇಳ್ತಿದ್ದಾರೆ.

ಅತಿಥಿಯ ಮಾತು ತೆಗೆದುಹಾಕುವುದುಂಟೆ? ಶಿವನಂಜಪ್ಪನವರು ವಾರದೊಳಗೆ ಕಂಬ ನೆಡಿಸಿದರು. ದಾನಪ್ಪನವರು ಪೆಟ್ಟಿಗೆಯಿಂದ ಚೆಂಡು ತೆಗೆದು, ಹವಾಯಿ ಚಪ್ಪಲಿಯಲ್ಲೇ ಕಣಕ್ಕಿಳಿದು, ಊರಲ್ಲೇ ಉದ್ದದವನನ್ನು ಕರೆಯಿರಿ ಎಂದರು. ಕುಳ್ಳಯ್ಯ ಹೋಗಿ ಅಭ್ಯಾಸಬಲದಿಂದ ಬಳೆಯ ಕೆಳಗೆ ಕೈ ಎತ್ತಿ ನಿಂತರು. ದಾನಪ್ಪ ಅವರ ಎಡದಿಂದ ಹೋದರು, ಬಲದಿಂದ ಹೋದರು, ಕೊನೆಗೆ ಎರಡು ಕಾಲಿನ ನಡುವಿನಿಂದಲೇ ಚೆಂಡು ತೂರಿಸಿಕೊಂಡು ಹೋದರು. ಕೂಲಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಕುಳ್ಳಯ್ಯನವರಿಗೆ ಮೈಸೂರಿನ ನಗು ನೆನಪಾಗಿ ಮುಖ ಕೆಂಪೇರಿತು. ಹೊರಟು ನಿಂತವರ ಮೊಣಕೈ ಹಿಡಿದು ದಾನಪ್ಪ ಕೂರಿಸಿದರು.

ಆ ಸಂಜೆ ಅವರು ಹೇಳಿದ್ದನ್ನು ಕುಳ್ಳಯ್ಯ ಇವತ್ತಿಗೂ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. "ಅವ್ರ ದೇಸ್ದಲ್ಲಿ ಮನೆಗೊಬ್ಬ ಆಡ್ತಾನಂತೆ ಕಣ್ರೀ, ಬಹಳಷ್ಟು ಜನ ಕುಳ್ರೇ. ಅಪ್ಪಿತಪ್ಪಿ ಒಬ್ಬ ಉದ್ದುಕ್ಕೆ ಬೆಳೆದ್ರೆ ಸಾಕು, ಬಳೆ ಕೆಳ್ಗೆ ನಿಲ್ಸುಬುಡ್ತಾರಂತೆ. ಊರಲ್ಲಿ ಅವ್ನೇ ರಾಜ. ಆಚೆ ದೇಸುಕ್ಕೆ ಆಡಾಕೋದ್ರೆ ಅಲ್ಲಿರೋರು ಅವ್ನಿಗಿಂತ ಒಂದು ಮೊಳ ಉದ್ದ! ಇವ್ನಿಗೆ ನಿಂತ್ಕಳದು ಬುಟ್ಟು ಬ್ಯಾರೆ ಏನೂ ಬರಕಿಲ್ಲ. ಅದ್ಕೇ ಉದ್ದ ಇರೋನ್ಗೆ ಕುಳ್ಳನ್ಗೆ ಕಲಿಸ್ದಂಗೆ ಕಲಿಸ್ಬೇಕು ಅಂದ್ರು. ನನ್ ಕತೇನ ನಂಗೇ ಏಳ್ದಂಗಾಯ್ತು."

ಇಪ್ಪತ್ತೇಳು ದಾಟಿದ ಹಮಾಲಿ ಮೂರು ವಾರ ಚೆಂಡು ಪುಟಿಸುವುದನ್ನು ಕಲಿತರು. ದಾನಪ್ಪ ಹೋಗುವಾಗ ಚೆಂಡನ್ನು ಬಿಟ್ಟುಹೋದರು. ಆಮೇಲೆ ಅವರ ಸುದ್ದಿಯೇ ಇಲ್ಲ. ಸೈಕಲ್ ಶಾಪಿನಲ್ಲಿ ತೇಪೆ ಹಾಕಿಸಿ ಹಾಕಿಸಿ ಬೋಳಾದ ಆ ಚೆಂಡು ಈಗ ಗೋದಾಮಿನ ತೊಲೆಗೆ ನೇತಾಡುತ್ತಿದೆ. ಮೂಟೆ ಇಳಿಸಿ ಬೆವರೊರೆಸಿಕೊಳ್ಳುವಾಗ ಕುಳ್ಳಯ್ಯ ಅದರ ಕಡೆ ನೋಡುತ್ತಾರೆ. "ಎಲ್ಲವ್ರೋ ಏನೋ. ಆಗ್ಲೇ ವಸಿ ವಯಸ್ಸಾಗಿತ್ತು. ಅವ್ರು ನಗೋದು ಮಾತ್ರ ಈ ಕಣದಲ್ಲಿ ನಂಗಿನ್ನೂ ಕೇಳ್ತದೆ" ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಸುಣ್ಣದ ಗೆರೆ ಸುಲಭಕ್ಕೆ ಉಳಿದದ್ದಲ್ಲ. ತೊಂಬತ್ತೇಳರ ತಾಲ್ಲೂಕು ಪಂದ್ಯದಲ್ಲಿ ಊರಿಗೆಲ್ಲ ಉದ್ದನೆಯ ಲಿಂಗರಾಜುವನ್ನು ಕುಳ್ಳಯ್ಯ ಬಳೆಯ ಕೆಳಗೆ ಬಿಡದೆ ಗೆರೆಯ ಹೊರಗೇ ಆಡಿಸಿ ಸೋತು ಬಂದರು. ಗೆಲುವಿಗೆಂದು ಹಾರ ತರಿಸಿಟ್ಟಿದ್ದ ಶಿವನಂಜಪ್ಪನವರು ಕೆಂಡಾಮಂಡಲ. "ಅನುಮಂತನ್ನ ಕರ್ಕೊಂಡೋಗಿ ಅಳಿಲಿನ ಕೆಲ್ಸ ಮಾಡಿಸ್ಕೊಂಡು ಬಂದ್ಯಲ್ಲೋ!" ಎಂದು ಬೈದು ಕಣಕ್ಕೆ ಬೇಲಿ ಹಾಕಿಸಿದರು. ಬೇಲಿ ಬಿಚ್ಚಿಸಿದ್ದು ಪುಟ್ಟತಾಯಮ್ಮ. ಹುಡುಗರು ಬರದಿದ್ದರೆ ಹೊತ್ತಾರೆ ಬಿಸಿ ಭತ್ತ ಹರಡಲು ನೀವೇ ಬನ್ನಿ ಎಂದು ಧಣಿಯ ಮುಖಕ್ಕೇ ಹೇಳಿದರಂತೆ. ಮುಂದಿನ ವರ್ಷ ಲಿಂಗರಾಜು ಮೈಸೂರಿಗೆ ಹೋದಾಗ ಅವನಿಗಿಂತ ಉದ್ದದವರು ನಾಲ್ವರಿದ್ದರು. ಬಳೆಯ ಕೆಳಗೆ ಅವರು ನಿಂತರು, ಚೆಂಡು ಪುಟಿಸುತ್ತ ಅಲ್ಲಿಯವರೆಗೆ ತರುವ ಆಟಗಾರನಾಗಿ ಇವನು ತಂಡಕ್ಕೆ ಸೇರಿದ. ಮೂರು ವರ್ಷ ಜಿಲ್ಲೆಗೆ ಆಡಿ, ಈಗ ಅದೇ ಮಿಲ್ಲಿನ ಲಾರಿ ಓಡಿಸುತ್ತಾನೆ.

ಈ ಭಾನುವಾರದ ಸರದಿ ರೂಪಶ್ರೀಯದು. ಪುಟ್ಟತಾಯಮ್ಮನವರ ಮೊಮ್ಮಗಳು, ಎಸ್ಸೆಸ್ಸೆಲ್ಸಿ ಮುಗಿಸಿದವಳು, ಆರಡಿಗೆ ಒಂದಂಗುಲ ಕಮ್ಮಿ. ಬೀದಿಯಲ್ಲಿ ಭುಜ ಕುಗ್ಗಿಸಿ ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದ ಹುಡುಗಿ. "ಇವ್ಳಿಗೆ ಗಂಡು ನೋಡಾಕೆ ಏಣಿ ತಕ್ಕೊಂಡೋಗ್ಬೇಕು" ಎಂದು ಅಜ್ಜಿಯೇ ನಗಾಡುತ್ತಾರೆ, ನಕ್ಕು ನಿಟ್ಟುಸಿರಿಡುತ್ತಾರೆ. ಮೈಸೂರಿನ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾದರೆ ಊಟ, ವಸತಿ, ಕಾಲೇಜು ಎಲ್ಲ ಅಲ್ಲೇ. ಆಗದಿದ್ದರೆ ಅಜ್ಜಿಯ ಹಿಂದೆ ಕಣದಲ್ಲಿ ಭತ್ತ ಮಗುಚುವ ಕೆಲಸ ಕಾದಿದೆ. ಆಯ್ಕೆ ನಡೆಯುವುದು ಎಂಬತ್ತೈದರ ಅದೇ ಮೈದಾನದಲ್ಲಿ. ಹದಿನೆಂಟು ವರ್ಷದಿಂದ ಕುಳ್ಳಯ್ಯ ಆ ಗೇಟು ದಾಟಿಲ್ಲ. ಲಿಂಗರಾಜುವನ್ನೂ ಒಬ್ಬನನ್ನೇ ಕಳಿಸಿದ್ದರು.

ಈ ಸಲ ಪುಟ್ಟತಾಯಮ್ಮ ಬಿಡಲಿಲ್ಲ. "ಎಣ್ಣುಡ್ಗಿ ಕಣೋ ಕುಳ್ಳ, ಜೊತೇಲಿ ಓಗು." ಲಿಂಗರಾಜು ಓಡಿಸುವ ಅಕ್ಕಿ ಲಾರಿಯ ಕ್ಯಾಬಿನ್ನಿನಲ್ಲಿ ಮೂವರೂ ಹೊರಟರು. ದಾರಿಯುದ್ದಕ್ಕೂ ಮಾತಾಡಿದವನು ಲಿಂಗರಾಜು ಒಬ್ಬನೇ. ಮೈದಾನ ತಲುಪಿದ ಮೇಲೆ ಕುಳ್ಳಯ್ಯ ಗೇಟಿನ ಹೊರಗೇ ನಿಂತುಬಿಟ್ಟರು. "ನೀವೋಗಿ, ನಾನಿಲ್ಲೇ ಇರ್ತೀನಿ."

ಒಳಗೆ ಆಯ್ಕೆದಾರರು ರೂಪಶ್ರೀಯ ಎತ್ತರ ನೋಡಿ ಸಂತೋಷಪಟ್ಟರು. "ನೀನು ಓಡೋದೇನೂ ಬೇಡಮ್ಮ, ರಿಂಗಿನ ಕೆಳಗೆ ನಿಂತ್ಕೋ." ಗೇಟಿನ ಸರಳು ಹಿಡಿದಿದ್ದ ಕುಳ್ಳಯ್ಯನವರಿಗೆ ಆ ಮಾತು ಕೇಳಿಸಿತು. ರೂಪಶ್ರೀ ತಲೆ ಎತ್ತಿದಳು. "ಸಾರ್, ನಂಗೂ ಚೆಂಡು ಕೊಡಿ. ಆ ತುದಿಗೆ ನಾನೂ ತಕ್ಕೊಂಡೋಗ್ತೀನಿ."

ಚೆಂಡು ಬಂತು. ಮಂಡಿ ಬಗ್ಗಿಸಿ ಹೊರಟಳು. ಅರ್ಧ ಮೈದಾನ ಚೆನ್ನಾಗಿಯೇ ಸಾಗಿತು. ಅಲ್ಲಿಂದ ಎಡಗೈಗೆ ಚೆಂಡು ಬದಲಿಸುವಾಗ ಅವಳ ಹೆಬ್ಬೆರಳಿಗೆ ಬಡಿದು ಅಡ್ಡಕ್ಕೆ ಚಿಮ್ಮಿತು. ಉರುಳಿತು. ಬೆಂಚಿನ ಕಡೆ ಯಾರೋ ನಕ್ಕರು. ಚೆಂಡು ತೆರೆದಿದ್ದ ಗೇಟು ದಾಟಿ ಕುಳ್ಳಯ್ಯನವರ ಕಾಲ ಬುಡಕ್ಕೇ ಬಂದು ನಿಂತಿತು.

ಅವರು ಬಗ್ಗಿ ಎತ್ತಿಕೊಂಡರು. ಓಡಿ ಬರುತ್ತಿದ್ದ ಹುಡುಗಿಯನ್ನು ನೋಡಿದಾಗ, ಇವಳಿನ್ನು ನಿಲ್ಲುವುದಿಲ್ಲ, ನೇರ ಬಸ್‌ಸ್ಟ್ಯಾಂಡಿಗೇ ಹೋಗುತ್ತಾಳೆ ಎಂದೇ ಅವರಿಗೆ ಅನಿಸಿತಂತೆ. ರೂಪಶ್ರೀ ಏದುಸಿರು ಬಿಡುತ್ತ ಎರಡೂ ಕೈ ಚಾಚಿದಳು.

"ಕೊಡಣ್ಣ, ಅಲ್ಲಿ ಕಾಯ್ತಾವ್ರೆ."

ಚೆಂಡು ಕಿತ್ತುಕೊಂಡು ವಾಪಸ್ ಓಡಿದಳು. ಯಾರೂ ಹೇಳದಿದ್ದರೂ ಮೊದಲಿನ ಗೆರೆಯಿಂದಲೇ ಮತ್ತೆ ಶುರು ಮಾಡಿ, ಆ ತುದಿ ಮುಟ್ಟಿ, ಬಳೆಯೊಳಗೆ ಚೆಂಡು ಹಾಕಿ ನಿಂತಳು. ಕುಳ್ಳಯ್ಯ ಯಾವಾಗ ಗೇಟಿನ ಒಳಗೆ ಬಂದರೋ ಅವರಿಗೇ ಗೊತ್ತಿಲ್ಲ. ಬೆಂಚಿನ ಹತ್ತಿರ ನಿಂತವರನ್ನು ನೋಡಿ ಲಿಂಗರಾಜು, "ಏನ್ ಕುಳ್ಳಣ್ಣ, ಅಂಗಿ ಉಡುಕ್ತಿದ್ದೀಯಾ?" ಎಂದು ಕಿಚಾಯಿಸಿದ. ಸಂಜೆ ಆಯ್ಕೆಯಾದವರ ಹೆಸರು ಕೂಗುವಾಗ ರೂಪಶ್ರೀಯ ಹೆಸರು ಮೂರನೆಯದಾಗಿ ಬಂತು.

ಸೋಮವಾರ ಬೆಳಿಗ್ಗೆ ಹೊಸ ಅಗ್ರಹಾರದ ಕಣದಲ್ಲಿ ಮತ್ತೆ ಮಂಜು, ಮತ್ತೆ ಚೆಂಡಿನ ಸದ್ದು. ಬಾಯ್ಲರಿನವನು ಕೂಗಿ ಕರೆದಾಗ ಹುಡುಗರು ಪೊರಕೆ ಹಿಡಿಯುತ್ತಾರೆ. ಪುಟ್ಟತಾಯಮ್ಮ ಇವತ್ತು ಯಾರನ್ನೂ ಗದರುತ್ತಿಲ್ಲ, ಆಗಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಹಬೆ ಹಬೆ ಎನ್ನುತ್ತಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ ಕುಳ್ಳಯ್ಯ ಮೂಟೆ ಹೊರುವ ಗೋಣಿಕೊಪ್ಪೆಯನ್ನು ತಲೆಗೆ ಹಾಕಿಕೊಳ್ಳುತ್ತ ಹೇಳುತ್ತಾರೆ:

"ಚೆಂಡು ಪುಟಿಸಾದು, ಬಗ್ಗಾದು, ಸರಿಯಾದು, ನಂಗೆ ಗೊತ್ತಿರೋದ್ನೆಲ್ಲಾ ಆ ಉಡ್ಗೀಗೆ ಕಲಿಸಿದ್ದೆ ಕಣ್ರೀ. ಚೆಂಡು ತಪ್ಪೋದ್ಮೇಲೆ ವಾಪಸ್ ಬರಾದು ಮಾತ್ರ ಕಲಿಸಿರ್ನಿಲ್ಲ. ಅದು ನಂಗೇ ಬರ್ತಿರ್ನಿಲ್ಲವಲ್ಲ. ಇನ್ಮೇಲೆ ಎಲ್ರಿಗೂ ಅದ್ನೂ ಕಲಿಸ್ತೀನಿ. ಅವ್ಳು ನಂಗೆ ಏಳ್ಕೊಟ್ಟವ್ಳೆ."