ಹೊಡೆಯದ ಗಂಟೆ

ವದಿನಾ, ನಿಮ್ಮ ಕಿವಿ ಮಂದವಾಗಿಲ್ಲ. ಅವತ್ತು ಗಂಟೆ ಹೊಡೆಯಲೇ ಇಲ್ಲ — ಹೊಡೆಯಿತೆಂದು ನಾನು ಸುಳ್ಳು ಹೇಳಿದೆ.

ಅಣ್ಣನ ಕೈಹಿಡಿದು ನೀವು ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಚಳ್ಳಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರಾದ ಮೇಲೂ, ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ನಮ್ಮ ವದಿನಂಥ ಕೈ ಇನ್ನೊಂದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ. ಆ ಹೆಮ್ಮೆಯಲ್ಲೇ ನಿಮಗಾಗಿ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದೆ. ಯಾವ ಬಣ್ಣದಲ್ಲಿ ನೂಲು ಎಷ್ಟು ಹೊತ್ತು ಇರಬೇಕೆಂದು ನಿಮ್ಮನ್ನೇ ಕೇಳಿದೆ. ಹೊತ್ತಾದಾಗ ಲ್ಯಾಪ್‌ಟಾಪ್ ಗಂಟೆ ಹೊಡೆಯಬೇಕು, ನೀವು ಬಣ್ಣದ ಹಂಡೆಯ ಮುಂದೆ ಹೊಗೆ ಕುಡಿಯುತ್ತ ನಿಲ್ಲಬಾರದು — ಅಷ್ಟೇ ನನ್ನ ಆಸೆ.

ಅವತ್ತು ದಾಳಿಂಬೆ ಬಣ್ಣ. ನೀವು ಒಳಗೆ ಮಗ್ಗದ ಹತ್ತಿರ ಇದ್ದಿರಿ. ಹಬೆ ತಾಗದಿರಲಿ ಎಂದು ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಚಹಾ ಕುಡಿಯಲು ಹೋದೆ. ಮುಚ್ಚಿದರೆ ಅದು ನಿದ್ದೆಗೆ ಜಾರುತ್ತದೆ. ಓಡುತ್ತಿದ್ದ ಪ್ರೋಗ್ರಾಂ ಇದ್ದಲ್ಲೇ ನಿಲ್ಲುತ್ತದೆ. ದಿನದ ಸಮಯ ಹೇಳುವ ಗಡಿಯಾರ ಮಾತ್ರ ಒಳಗೆ ನಡೆಯುತ್ತಲೇ ಇರುತ್ತದೆ. ನಿಮಿಷ ಎಣಿಸಲು ನಾನು ನಂಬಿದ್ದು ಇನ್ನೊಂದನ್ನು — ಯಂತ್ರ ಎಚ್ಚರವಿದ್ದಷ್ಟು ಹೊತ್ತನ್ನು ಮಾತ್ರ ಎಣಿಸುವುದನ್ನು. ಬಂದು ತೆರೆದರೆ, ಇನ್ನೂ ಅರ್ಧ ಹೊತ್ತು ಬಾಕಿ ಎಂದು ತೋರಿಸುತ್ತಿತ್ತು. ಹಂಡೆಯಲ್ಲಿ ನೂಲು ಕಪ್ಪಿಟ್ಟಿತ್ತು.

ಏನಾಯಿತೆಂದು ನನಗೆ ಆಗಲೇ ತಿಳಿಯಿತು. ಅಷ್ಟರಲ್ಲಿ ನೀವು ಹೊರಗೆ ಬಂದಿರಿ.

“ಗಂಟೆ ಹೊಡೀಲಿಲ್ವೇನಪ್ಪಾ?”

“ಹೊಡೀತಲ್ಲ ವದಿನಾ. ನಿಮಗೆ ಕೇಳ್ಸಲಿಲ್ವೇನ್ರಿ?”

ನನ್ನ ಮುಖ ನೋಡಿದಿರಿ. ಆ ನೋಟದಲ್ಲಿ ಅನುಮಾನವಾದರೂ ಇದ್ದಿದ್ದರೆ...

“ನನ್ನ ಕಿವೀನೇ ಮಂದ ಆಗೈತೇನೋ,” ಎಂದಿರಿ.

ಕಿವಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರು. ನೀವು ನಂಬಿದ್ದು ನನ್ನ ಮಾತನ್ನು. “ಅವ್ನು ಸುಳ್ಳು ಹೇಳೋನಲ್ಲ,” ಎಂದು ಹಂಡೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟಿರಿ. ಫೋನ್ ಬಂದರೆ ಮಗಳ ಕೈಗೆ ಕೊಡುತ್ತೀರಿ. ನಾಲ್ಕು ಜನ ಸೇರಿದಲ್ಲಿ, ಏನೋ ಕೇಳಿ ಇನ್ನೇನೋ ಹೇಳಿಬಿಟ್ಟೇನೆಂದು ಸುಮ್ಮನೆ ಕೂರುತ್ತೀರಿ. ವರ್ಷಗಳಿಂದ ನಾನು ಅದನ್ನು ನೋಡುತ್ತಲೇ ಇದ್ದೇನೆ —

ಪ್ರೋಗ್ರಾಮನ್ನು ಮಾತ್ರ ಆ ವಾರವೇ ಸರಿಮಾಡಿದೆ. ಈಗ ಗಂಟೆಯ ಹೊತ್ತನ್ನು ನಿದ್ದೆಯಿಲ್ಲದ ಆ ಗಡಿಯಾರಕ್ಕೇ ಒಪ್ಪಿಸಿದ್ದೇನೆ. ಹೊತ್ತಾದರೆ ಆ ಗಡಿಯಾರವೇ ಯಂತ್ರವನ್ನು ಎಬ್ಬಿಸುತ್ತದೆ. ಊರಿನಲ್ಲಿ ಬಣ್ಣ ಹಾಕುವ ಎಷ್ಟೋ ಮನೆಗಳಲ್ಲಿ ಆ ಪ್ರೋಗ್ರಾಂ ಓಡುತ್ತಿದೆ. ಅದರ ಹೆಮ್ಮೆ ನನಗಿದೆ, ಇಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಹೋದಲ್ಲೆಲ್ಲ, “ಇದರಾಗಿರೋ ಹೊತ್ತೆಲ್ಲ ನಮ್ಮ ವದಿನ ಹೇಳ್ಕೊಟ್ಟಿದ್ದು,” ಎನ್ನುತ್ತೇನೆ. ನಿಮ್ಮ ಹೆಸರು ಹೇಳುವಾಗ ಎದೆ ಉಬ್ಬುತ್ತದೆ. ಆ ಎದೆಯೊಳಗೇ ಈ ಸುಳ್ಳನ್ನೂ ಇಟ್ಟುಕೊಂಡು ತಿರುಗಿದೆ.

ಭಾನುವಾರ ಬರುತ್ತೇನೆ. ಅಣ್ಣ, ಮಗಳು, ಪಕ್ಕದ ಮನೆಯವರು — ಕೇಳಿಸುವುದಿಲ್ಲವೆಂದು ನಿಮ್ಮೊಡನೆ ಕೂಗಿ ಮಾತಾಡುವವರೆಲ್ಲ ಇರಲಿ. ಅವರ ಎದುರಿಗೇ ಹೇಳುತ್ತೇನೆ. ಮೆಲ್ಲಗೇ ಹೇಳುತ್ತೇನೆ, ವದಿನಾ. ನಿಮಗೆ ಕೇಳಿಸುತ್ತದೆ.